ಬೆಂಗಳೂರಿನ ಬೇಸಿಗೆ ಗುಡುಗುಮಳೆ: ಪಾದರಸ ಬಿಡಿ, ತೇವ ನೋಡಿ

"ಇವತ್ತು ಸಿಕ್ಕಾಪಟ್ಟೆ ಬಿಸಿಲು, ಸಂಜೆ ಮಳೆ ಗ್ಯಾರಂಟಿ" ಅನ್ನೋದು ಏಪ್ರಿಲ್-ಮೇನಲ್ಲಿ ಬೆಂಗಳೂರಿನ ಎಲ್ಲ ಬಸ್ ಸ್ಟಾಪಿನಲ್ಲೂ ಕೇಳುವ ಮಾತು. 2024ರ ಏಪ್ರಿಲ್ ಇದನ್ನು ಪೂರ್ತಿ ಸುಳ್ಳು ಮಾಡಿತು. ಆ ತಿಂಗಳ 28ರಂದು ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಆದರೆ ನಗರದ ವೀಕ್ಷಣಾಲಯದಲ್ಲಿ ತಿಂಗಳಿಡೀ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. ಬಿಸಿಲಿಗೇನೂ ಬರವಿರಲಿಲ್ಲ, ಬರ ಇದ್ದದ್ದು ತೇವಕ್ಕೆ.

ಹಾಗಾಗಿ ಮೊದಲು ನೋಡಬೇಕಾದ್ದು ಡ್ಯೂ ಪಾಯಿಂಟ್, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರಲ್ಲಿನ ತೇವ ಹನಿಗಟ್ಟುತ್ತದೋ ಆ ಉಷ್ಣಾಂಶ. ಅದು ಹೆಚ್ಚಿದ್ದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ದೇವನಹಳ್ಳಿ ವಿಮಾನ ನಿಲ್ದಾಣದ ಮೆಟಾರ್, ಅಂದರೆ ಪೈಲಟ್‌ಗಳಿಗಾಗಿ ಕೊಡುವ ಹವಾಮಾನ ವರದಿ, ಅರ್ಧ ಗಂಟೆಗೊಮ್ಮೆ ಬರುತ್ತದೆ. ಅದರಲ್ಲಿ 34/18 ಅಂತಿದ್ದರೆ ಉಷ್ಣಾಂಶ 34, ಡ್ಯೂ ಪಾಯಿಂಟ್ 18. ಬೆಳಗಿನ ಅಂಕಿಯನ್ನು ನಂಬಬೇಡಿ. ಬೆಳಿಗ್ಗೆ 19 ಇದ್ದದ್ದು ಮಧ್ಯಾಹ್ನ ಎರಡಕ್ಕೆ 11ಕ್ಕೆ ಇಳಿದರೆ, ತೇವ ಇದ್ದದ್ದು ನೆಲಕ್ಕೆ ಹತ್ತಿದ ತೆಳು ಪದರದಲ್ಲಷ್ಟೇ. ಬಿಸಿಲೇರಿದಂತೆ ಮೇಲಿನ ಒಣಗಾಳಿ ಬೆರೆತು ಅದನ್ನು ಕರಗಿಸಿಬಿಟ್ಟಿತು. ಎರಡು ಗಂಟೆಗೂ 17-18 ಉಳಿದಿದ್ದರೆ ಸಂಜೆಯ ಓಡಾಟ ಬೇಗ ಮುಗಿಸಿಕೊಳ್ಳಿ.

ಇದೇ ಎರಡು ಅಂಕಿಗಳ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಮೋಡದ ತಳ ನೆಲದಿಂದ ಎಷ್ಟು ಮೀಟರ್ ಮೇಲಿದೆ ಎಂಬ ಅಂದಾಜು ಸಿಗುತ್ತದೆ. 34/18 ಅಂದರೆ 2000 ಮೀಟರ್. 36/12 ಅಂದರೆ 3000. ಈ ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಅಷ್ಟು ಎತ್ತರದಿಂದ ಬೀಳುವ ಹನಿ ದಾರಿಯಲ್ಲೇ ಆವಿಯಾಗುತ್ತದೆ, ಆವಿಯಾಗುತ್ತಾ ಗಾಳಿಯನ್ನು ತಣಿಸುತ್ತದೆ, ತಣಿದು ಭಾರವಾದ ಗಾಳಿ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುತ್ತದೆ. ಮಳೆಮಾಪಕದಲ್ಲಿ ಎರಡು ಮಿಲಿಮೀಟರ್, ರಸ್ತೆಯಲ್ಲಿ ಬುಡಮೇಲಾದ ಗುಲ್‌ಮೊಹರ್. "ಮಳೆ ಕಡಿಮೆ" ಅಂದ ಮಾತ್ರಕ್ಕೆ ಮರದಡಿ ಕಾರು ನಿಲ್ಲಿಸಬಹುದು ಅಂತಲ್ಲ.

ತೇವ ಎಲ್ಲಿಂದ ಬರುತ್ತದೆ? ಈ ತಿಂಗಳುಗಳಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡು ಕರ್ನಾಟಕದ ಮೇಲೆ ಹಾದು ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ಕಾಣುತ್ತದೆ. ಅದರ ಪೂರ್ವಕ್ಕೆ ಬಂಗಾಳಕೊಲ್ಲಿಯ ಆಗ್ನೇಯ ಗಾಳಿ, ಪಶ್ಚಿಮಕ್ಕೆ ವಾಯವ್ಯದ ಗಾಳಿ. ಎರಡೂ ಸಂಧಿಸುವ ಗೆರೆಯ ಮೇಲೆ ಮೋಡ ಏಳುತ್ತದೆ. ಗೆರೆ ಐವತ್ತು ಕಿಲೋಮೀಟರ್ ಆಚೀಚೆ ಸರಿದರೆ ಮಳೆ ಮಾಗಡಿಗೋ ಕೋಲಾರಕ್ಕೋ ಹೋಗುತ್ತದೆ, ಬೆಂಗಳೂರು ಮೋಡ ನೋಡುತ್ತಾ ಕೂರುತ್ತದೆ. ಇಡೀ ಭೂಮಿಯ ಹವಾಮಾನ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗಳು ಎಡವುವುದೂ ಇಲ್ಲೇ. ಆ್ಯಪ್ "ಸಂಜೆ 5ಕ್ಕೆ ಜಯನಗರದಲ್ಲಿ ಮಳೆ" ಎಂದರೆ ಅದನ್ನು "ಜಿಲ್ಲೆಯಲ್ಲಿ ಎಲ್ಲೋ, ಸಂಜೆ ಯಾವಾಗಲೋ" ಅಂತ ಓದಿಕೊಳ್ಳಿ.

ಹೊಸಬರು ಎಡವುವ ಇನ್ನೊಂದು ಕಡೆ ಮೇಲಿನ ಗಾಳಿಯ ನಕ್ಷೆ. ಅದರಲ್ಲಿ ಎತ್ತರವನ್ನು ಮೀಟರ್‌ನಲ್ಲಲ್ಲ, ಗಾಳಿಯ ಒತ್ತಡದ ಅಳತೆಯಾದ ಹೆಕ್ಟೋಪಾಸ್ಕಲ್‌ನಲ್ಲಿ ಗುರುತಿಸುತ್ತಾರೆ; ಮೇಲೇರಿದಂತೆ ಅಂಕಿ ಇಳಿಯುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. 925 ಹೆಕ್ಟೋಪಾಸ್ಕಲ್ ಮಟ್ಟ ಇಲ್ಲಿ ನೆಲದೊಳಗಿರುತ್ತದೆ. ಆದರೂ ಕಂಪ್ಯೂಟರ್ ಅಲ್ಲೊಂದು ಗಾಳಿ ಬರೆದಿರುತ್ತದೆ! 850ರ ನಕ್ಷೆ ನೋಡಿ, ಅದು ನೆಲದಿಂದ ಬರೀ 600 ಮೀಟರ್ ಮೇಲಿನದು. ಬೆಳಿಗ್ಗೆ 5:30ಕ್ಕೆ ಹಾರಿಸುವ ಹವಾಮಾನ ಬಲೂನಿನ ದತ್ತಾಂಶದಿಂದ ಬರುವ ಕೇಪ್ (ಮೋಡ ಮೇಲೇಳಲು ಗಾಳಿಯಲ್ಲಿರುವ ಶಕ್ತಿಯ ಅಳತೆ) ಅಂಕಿಯನ್ನೂ ಹಾಗೇ ಬಳಸಬಾರದು. ಮಧ್ಯಾಹ್ನದ ಉಷ್ಣಾಂಶ, ಡ್ಯೂ ಪಾಯಿಂಟ್ ಹಾಕಿ ಮತ್ತೆ ಲೆಕ್ಕ ಮಾಡಬೇಕು.

ಮೋಡ ಎದ್ದ ಮೇಲೆ ಚೆನ್ನೈ ರಾಡಾರ್ ಒಂದನ್ನೇ ನೆಚ್ಚಿ ಕೂರಬೇಡಿ. ದೂರ ಸುಮಾರು 290 ಕಿಲೋಮೀಟರ್. ರಾಡಾರಿನಿಂದ ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ಕಿರಣ, ಭೂಮಿಯ ಬಾಗು ಸೇರಿ, ಇಲ್ಲಿಗೆ ಬರುವಷ್ಟರಲ್ಲಿ ಸಮುದ್ರಮಟ್ಟದಿಂದ ಏಳು ಕಿಲೋಮೀಟರ್ ದಾಟಿರುತ್ತದೆ. ಮೋಡದ ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಅದರ ಜೊತೆಗೆ ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಮೋಡದ ನೆತ್ತಿ ಮೈನಸ್ 60 ಡಿಗ್ರಿಗಿಂತ ತಣ್ಣಗಾಗುತ್ತಿದೆಯೇ ನೋಡಿ; ನೆತ್ತಿ ತಣ್ಣಗಾದಷ್ಟೂ ಮೋಡ ಎತ್ತರಕ್ಕೆ ಬೆಳೆದಿದೆ ಅಂತ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಲ್ಲಿ ಹೊಸಕೋಟೆ, ಆನೇಕಲ್, ನೆಲಮಂಗಲ ಯಾವುದು ಮೊದಲು ತೋಯುತ್ತಿದೆ ಗಮನಿಸಿ. ಮೆಟಾರ್‌ನಲ್ಲಿ ಗಾಳಿ ದಿಢೀರ್ ತಿರುಗಿ, ಉಷ್ಣಾಂಶ ಆರೇಳು ಡಿಗ್ರಿ ಕುಸಿದು, ಒತ್ತಡ ಒಂದೆರಡು ಹೆಕ್ಟೋಪಾಸ್ಕಲ್ ಏರಿದರೆ ಮುನ್ನುಗ್ಗುವ ತಣ್ಣನೆ ಗಾಳಿ ಅಲ್ಲಿಗೆ ತಲುಪಿದೆ ಅಂತ. ಅದು ಹೆಬ್ಬಾಳದ ಕಡೆ ಸಾಗುತ್ತಾ ತನ್ನ ಮುಂದೆ ಹೊಸ ಮೋಡವನ್ನೂ ಎಬ್ಬಿಸಬಹುದು. ಆದರೆ ಮಧ್ಯಾಹ್ನ ಮೂರಕ್ಕೇ ಇಡೀ ಊರು ತಣ್ಣಗಾಗಿಬಿಟ್ಟರೆ ಸಂಜೆಗೆ ಇನ್ನೊಂದು ಜೋರು ಮಳೆಯ ಸಾಧ್ಯತೆ ಕಡಿಮೆ.