ಎರಡನೇ ಭಾನುವಾರ ಮರಳಿ ಬಂದವರು

ಇಬ್ಬರು ಪರದೆಯ ಮೇಲೆ ಎದುರುಬದುರಾಗಿ ಸೆಣಸುವ ಟೆಕ್ಕನ್ ಎಂಬ ವಿಡಿಯೊ ಗೇಮ್ ಆಡುವ ಬೆಂಗಳೂರಿನ ನಮ್ಮ ಬಳಗಕ್ಕಾಗಿ ನಾನು ಒಂದು ಲೆಕ್ಕದ ಪುಸ್ತಕವನ್ನು ಇಟ್ಟಿದ್ದೇನೆ. ಜಾಗದ ಬಾಡಿಗೆ, ಬಹುಮಾನದ ಹಣ, ಎಕ್ಸ್‌ಟೆನ್ಷನ್ ಬೋರ್ಡುಗಳ ಖರ್ಚು ಎಲ್ಲವೂ ಅದರಲ್ಲಿವೆ. ಆದರೆ ನಾನು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ಪ್ರತಿ ತಿಂಗಳ ಪಂದ್ಯಾವಳಿಗೆ ಮೊದಲ ಬಾರಿ ಬಂದವರ ಹೆಸರುಗಳು ಅಲ್ಲಿವೆ, ಅವರಲ್ಲಿ ಮುಂದಿನ ಸಲವೂ ಬಂದವರ ಹೆಸರಿನ ಪಕ್ಕದಲ್ಲಿ ಒಂದು ಗೆರೆ ಇದೆ. ಗೆದ್ದವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಒಂದೂ ಪಂದ್ಯ ಗೆಲ್ಲದೆ ಮನೆಗೆ ಹೋದವರು ಮತ್ತೆ ಬಂದರೇ ಎಂಬುದನ್ನು ಯಾರಾದರೂ ಬರೆದಿಡದಿದ್ದರೆ ಅದು ಮರೆತೇ ಹೋಗುತ್ತದೆ. ಬಳಗ ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂಬುದನ್ನು ಇಷ್ಟು ವರ್ಷಗಳಲ್ಲಿ ನನಗೆ ಸರಿಯಾಗಿ ಹೇಳಿರುವುದು ಆ ಗೆರೆಗಳೇ.

ನಾನು ಬೆಳೆದದ್ದು ಮೈಸೂರಿನಲ್ಲಿ. 1990ರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮ ಬಡಾವಣೆಯ ವಿಡಿಯೊ ಗೇಮ್ ಅಂಗಡಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕೆ ಒಂದು ಆಟ. ಒಂದು ಪೆಟ್ಟಿಗೆಯಲ್ಲಿ ನಾವೆಲ್ಲ ‘ಮುಸ್ತಫಾ’ ಎಂದೇ ಕರೆಯುತ್ತಿದ್ದ ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್ ಇತ್ತು, ಇನ್ನೊಂದರಲ್ಲಿ ಸ್ಟ್ರೀಟ್ ಫೈಟರ್ 2. ಮೊದಲನೆಯದನ್ನು ಗೆಳೆಯರು ಒಟ್ಟಾಗಿ ಆಡುತ್ತಿದ್ದೆವು. ಎರಡನೆಯದರಲ್ಲಿ ಆ ಗೆಳೆಯನನ್ನೇ ಎದುರಿಸಬೇಕಿತ್ತು. ಗೆದ್ದವನು ಅದೇ ನಾಣ್ಯದಲ್ಲಿ ಆಡುತ್ತಲೇ ಇರುತ್ತಿದ್ದ, ಸೋತವನು ಇನ್ನೊಂದು ರೂಪಾಯಿ ಹೊಂದಿಸಿಕೊಂಡು ಸಾಲಿನ ಕೊನೆಗೆ ಹೋಗುತ್ತಿದ್ದ. ನಾನು ಆಟವನ್ನು ಕಲಿತದ್ದು ಆ ಸಾಲಿನಲ್ಲಿ ನಿಂತು, ಮುಂದಿದ್ದವರ ಹೆಗಲ ಮೇಲಿಂದ ಅವರ ಕೈಬೆರಳುಗಳನ್ನು ನೋಡುತ್ತ. ನನಗಿಂತ ನಾಲ್ಕೈದು ವರ್ಷ ದೊಡ್ಡವನಾದ ಒಬ್ಬ ಹುಡುಗ, ನನ್ನನ್ನು ಸೋಲಿಸಿದ ಮೇಲೆ, ಜಾಯ್‌ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ಹೇಗೆ ಹೊರಳಿಸಬೇಕೆಂದು ನನ್ನ ಕೈಯನ್ನೇ ಹಿಡಿದು ತೋರಿಸಿಕೊಟ್ಟ. ಆ ದಿನ ಅವನು ತೋರಿಸಿಕೊಡದಿದ್ದರೆ ನಾನು ಈ ಆಟಗಳ ಬಳಿ ಮತ್ತೆ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಅಂಗಡಿಗಳು ಮುಚ್ಚಿದ ಮೇಲೆ ಆ ಸಾಲೂ ಇಲ್ಲವಾಯಿತು. 2017ರ ಜೂನ್‌ನಲ್ಲಿ ಟೆಕ್ಕನ್ 7 ಮನೆಯ ಯಂತ್ರಗಳಿಗೆ ಬಂದಾಗ ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೆ. ಬನಶಂಕರಿಯಲ್ಲಿ ಗೆಳೆಯರೊಬ್ಬರ ಮಹಡಿ ಮನೆಯ ಹಾಲ್‌ನಲ್ಲಿ ಆರು ಮಂದಿ ಸೇರಿ ಆಡಲು ಆರಂಭಿಸಿದೆವು. ಆರು ಹನ್ನೆರಡಾಯಿತು, ನೆರೆಯವರು ಗದ್ದಲದ ಬಗ್ಗೆ ಮಾತೆತ್ತಿದರು, ನಾವು ಒಂದು ಗೇಮಿಂಗ್ ಕೆಫೆಗೆ ಸ್ಥಳಾಂತರಗೊಂಡೆವು.

ಅಲ್ಲಿಂದ ಮುಂದಿನ ಒಂದೂವರೆ ವರ್ಷ ನಾವು ಮಾಡಿದ್ದು ಬಹುಪಾಲು ತಪ್ಪುಗಳೇ. ಹೆಚ್ಚು ಜನ ಬಂದರೆ ಬಳಗ ಬೆಳೆದಂತೆ ಎಂದುಕೊಂಡು ಪ್ರಚಾರಕ್ಕೂ ಬಹುಮಾನಕ್ಕೂ ಹಣ ಸುರಿದೆವು. ಜನ ಬಂದರು, ಮುಂದಿನ ತಿಂಗಳು ಬರಲಿಲ್ಲ. ಕಾರಣವನ್ನು ನಾನು ಕಂಡುಕೊಂಡದ್ದು ಪಂದ್ಯಗಳ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಎಣಿಸಿದಾಗ. ಈ ಆಟಗಳಲ್ಲಿ ರೂಢಿಯಲ್ಲಿರುವುದು ಡಬಲ್ ಎಲಿಮಿನೇಷನ್ ಪದ್ಧತಿ: ಒಮ್ಮೆ ಸೋತವರು ಸೋತವರ ಪಟ್ಟಿಗೆ ಇಳಿಯುತ್ತಾರೆ, ಎರಡನೇ ಸಲ ಸೋತರೆ ಹೊರಗೆ. 32 ಮಂದಿ ಸೇರಿದ್ದರೆ ಮೊದಲ ಸುತ್ತಿನಲ್ಲಿ 16 ಮಂದಿ ಸೋಲುತ್ತಾರೆ. ಆ 16 ಮಂದಿ ತಮ್ಮ ತಮ್ಮಲ್ಲೇ ಆಡಿದಾಗ 8 ಮಂದಿ ಎರಡನೇ ಬಾರಿ ಸೋಲುತ್ತಾರೆ. ಅಂದರೆ ಬಂದವರಲ್ಲಿ ಕಾಲು ಭಾಗದಷ್ಟು ಜನ ಒಂದೂ ಪಂದ್ಯ ಗೆಲ್ಲದೆ ಹೊರಡಲೇಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ, ಪಟ್ಟಿಯ ಗಣಿತವೇ ಹಾಗಿದೆ. ಆದರೆ ವೈಟ್‌ಫೀಲ್ಡ್‌ನಿಂದಲೋ ತುಮಕೂರಿನಿಂದಲೋ ಎರಡು ಗಂಟೆ ಪ್ರಯಾಣ ಮಾಡಿ, ಪ್ರವೇಶ ಶುಲ್ಕ ಕೊಟ್ಟು, ಇಪ್ಪತ್ತು ನಿಮಿಷದೊಳಗೆ ಎರಡು ಪಂದ್ಯ ಸೋತು, ಯಾರೊಂದಿಗೂ ಮಾತಾಡದೆ ಬಸ್ಸು ಹತ್ತಿದ ವ್ಯಕ್ತಿಗೆ ಆ ಗಣಿತವನ್ನು ವಿವರಿಸಲು ನಾವು ಯಾರೂ ಅಲ್ಲಿರಲಿಲ್ಲ. ಅವರು ಹೊರಡುವ ವೇಳೆಗೆ ನಾವೆಲ್ಲ ಗೆದ್ದವರ ಪಟ್ಟಿಯ ಪರದೆಯ ಮುಂದೆ ನೆರೆದಿರುತ್ತಿದ್ದೆವು.

ಈ ಆಟದಲ್ಲಿ ಸೋಲು ಉಳಿದ ಆಟಗಳ ಸೋಲಿನಂತಲ್ಲ. ಕ್ರಿಕೆಟ್ಟಿನಲ್ಲಿ ಔಟಾದವನಿಗೆ ತಾನು ಹೇಗೆ ಔಟಾದೆ ಎಂಬುದು ಸಾಮಾನ್ಯವಾಗಿ ತಿಳಿದಿರುತ್ತದೆ. ಟೆಕ್ಕನ್‌ನಲ್ಲಿ ಹೊಸಬನಿಗೆ ತಾನು ಏಕೆ ಸೋತೆ ಎಂಬುದೇ ಕಾಣುವುದಿಲ್ಲ. ಆಟ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ, ಅಂದರೆ 60 ಬಿಡಿ ಚಿತ್ರಗಳಲ್ಲಿ, ನಡೆಯುತ್ತದೆ. ಜ್ಯಾಬ್ ಎಂಬ ಚುರುಕಾದ ಸಾಮಾನ್ಯ ಗುದ್ದು ತಗಲಲು ಬೇಕಾದದ್ದು 10 ಫ್ರೇಮ್, ಅಂದರೆ ಒಂದು ಸೆಕೆಂಡಿನ ಆರನೆಯ ಒಂದು ಭಾಗ. ನಾವು ಬ್ಲಾಕ್ ಮಾಡಿದ ಹೊಡೆತದಿಂದ ಚೇತರಿಸಿಕೊಳ್ಳಲು ಎದುರಾಳಿಗೆ ನಮಗಿಂತ 10 ಫ್ರೇಮ್ ಹೆಚ್ಚು ಬೇಕಾಗುವಂತಿದ್ದರೆ, ನಮ್ಮ ಜ್ಯಾಬ್‌ನಿಂದ ಅವನು ತಪ್ಪಿಸಿಕೊಳ್ಳಲಾರ. ಆ ಸ್ಥಿತಿಯನ್ನು ಆಟಗಾರರು ‘ಮೈನಸ್ ಹತ್ತು’ ಎನ್ನುತ್ತಾರೆ, ಹಾಗೆ ತಿರುಗಿ ಕೊಡುವ ಹೊಡೆತವನ್ನು ‘ಪನಿಶ್’ ಎನ್ನುತ್ತಾರೆ. 2024ರ ಜನವರಿಯಲ್ಲಿ ಟೆಕ್ಕನ್ 8 ಬಿಡುಗಡೆಯಾದಾಗ ಅದರಲ್ಲಿ 32 ಪಾತ್ರಗಳಿದ್ದವು, ಒಂದೊಂದು ಪಾತ್ರಕ್ಕೂ ನೂರರ ಆಸುಪಾಸಿನಲ್ಲಿ ಹೊಡೆತಗಳು. ಇವುಗಳಲ್ಲಿ ಯಾವುದನ್ನು ಕುಳಿತು ತಪ್ಪಿಸಬೇಕು, ಯಾವುದಕ್ಕೆ ಪಕ್ಕಕ್ಕೆ ಸರಿಯಬೇಕು, ಯಾವುದನ್ನು ಬ್ಲಾಕ್ ಮಾಡಿ ಪನಿಶ್ ಮಾಡಬೇಕು ಎಂಬುದು ಆಡುವವರ ನೆನಪಿನಲ್ಲಿರಬೇಕು. ಇಪ್ಪತ್ತು ಸಲ ಒಂದೇ ಹೊಡೆತಕ್ಕೆ ಬಿದ್ದವನಿಗೆ ‘ಇದರ ಎರಡನೇ ಏಟಿಗೆ ಕುಳಿತುಬಿಡಿ’ ಎಂದು ಯಾರಾದರೂ ಹೇಳಿದರೆ ಅರ್ಧ ನಿಮಿಷದಲ್ಲಿ ಆ ಗೋಡೆ ಬೀಳುತ್ತದೆ. ಹೇಳುವವರಿಲ್ಲದಿದ್ದರೆ ಅವನು ತನಗೆ ಈ ಆಟ ಒಲಿಯುವುದಿಲ್ಲವೆಂದು ತೀರ್ಮಾನಿಸಿಬಿಡುತ್ತಾನೆ.

ನನ್ನ ಅಜ್ಜ ಯೌವನದಲ್ಲಿ ಮೈಸೂರಿನ ಗರಡಿಮನೆಯೊಂದಕ್ಕೆ ಹೋಗುತ್ತಿದ್ದವರು. ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಕ್ರಮವನ್ನು ಅವರು ಬಹಳ ಗೌರವದಿಂದ ವಿವರಿಸುತ್ತಿದ್ದರು: ಸಮಬಲದವರನ್ನು ನೋಡಿ ಜೋಡಿ ಮಾಡಬೇಕು, ಇಲ್ಲದಿದ್ದರೆ ಗೆದ್ದವನಿಗೂ ಏನೂ ದಕ್ಕುವುದಿಲ್ಲ. ಗರಡಿಯ ಒಳಗೆ ಮಾತ್ರ ಇದಕ್ಕೆ ತದ್ವಿರುದ್ಧ. ಮಟ್ಟಿಯ ಮೇಲೆ ಹಿರಿಯ ಪೈಲ್ವಾನರೇ ಕಿರಿಯರೊಂದಿಗೆ ಸೆಣಸಿ, ಪಟ್ಟು ಹಾಕಿ, ಅದನ್ನು ಬಿಡಿಸಿಕೊಳ್ಳುವ ಮರುಪಟ್ಟನ್ನು ಕಲಿಸಿಕೊಡುತ್ತಿದ್ದರಂತೆ. ನಮ್ಮ ಬಳಗಕ್ಕೆ ಬೇಕಾದದ್ದು ಈ ಎರಡೂ ಎಂದು ನನಗೆ ಹೊಳೆದದ್ದು ಅಜ್ಜ ತೀರಿಹೋದ ಎಷ್ಟೋ ವರ್ಷಗಳ ನಂತರ.

ಹಾಗಾಗಿ ನಾವು ಕೆಲವು ಬದಲಾವಣೆಗಳನ್ನು ಮಾಡಿಕೊಂಡೆವು. ನಮ್ಮ ಬಳಿ ಐದು ಸೆಟಪ್‌ಗಳಿದ್ದರೆ (ಒಂದು ಸೆಟಪ್ ಎಂದರೆ ಒಂದು ಆಟದ ಯಂತ್ರ ಮತ್ತು ಅದರ ಪರದೆ) ನಾಲ್ಕರಲ್ಲಿ ಮಾತ್ರ ಪಂದ್ಯಾವಳಿ ನಡೆಯುತ್ತದೆ; ಐದನೆಯದು ಬೆಳಗಿನಿಂದ ಸಂಜೆಯವರೆಗೆ ಬಿಡುವಾಗಿ ಆಡುವವರಿಗೆ ಮೀಸಲು, ಎಷ್ಟೇ ತಡವಾದರೂ ಅದನ್ನು ಕಿತ್ತುಕೊಳ್ಳುವುದಿಲ್ಲ. ಬೇಗ ಹೊರಬಿದ್ದವರಿಗಾಗಿ ಪ್ರತ್ಯೇಕವಾದ ಎರಡನೇ ಪಟ್ಟಿ ಇದೆ, ಅದರಲ್ಲಿ ಸರಿಸುಮಾರು ಸಮಬಲದವರೇ ಎದುರಾಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಪಂದ್ಯ ಸೋತ ಪ್ರತಿಯೊಬ್ಬ ಹೊಸಬರ ಪಕ್ಕದಲ್ಲೂ ಒಬ್ಬ ಹಳೆಯ ಆಟಗಾರರು ಅರ್ಧ ಗಂಟೆ ಕುಳಿತುಕೊಳ್ಳಬೇಕು. ಈ ಅರ್ಧ ಗಂಟೆಯಲ್ಲಿ ದೊಡ್ಡ ದೊಡ್ಡ ಕಾಂಬೊಗಳನ್ನು, ಅಂದರೆ ಹೊಡೆತಗಳ ಸರಣಿಗಳನ್ನು, ಕಲಿಸಬಾರದೆಂದು ನಾನು ಎಲ್ಲರನ್ನೂ ಕೇಳಿಕೊಂಡಿದ್ದೇನೆ. ಅವರು ಸೋತ ಪಂದ್ಯದಿಂದಲೇ ಒಂದೇ ಒಂದು ಸಂದರ್ಭವನ್ನು ಆರಿಸಿ, ಅಭ್ಯಾಸದ ಮೋಡ್‌ನಲ್ಲಿ ಅದನ್ನೇ ಮತ್ತೆ ಮತ್ತೆ ಆಡಿಸಿ, ಅದಕ್ಕೆ ಉತ್ತರ ಕೈಗೆ ಬರುವವರೆಗೆ ಜೊತೆಗಿದ್ದರೆ ಸಾಕು. ನನ್ನ ಪುಸ್ತಕದ ಗೆರೆಗಳು ಹೆಚ್ಚತೊಡಗಿದ್ದು ಇದಾದ ಮೇಲೆ.

ಹೀಗೆ ಜೊತೆಯಲ್ಲಿ ಕುಳಿತು ಕಲಿಯುವುದರ ಬಲ ಎಷ್ಟೆಂಬುದನ್ನು ಜಗತ್ತಿಗೆ ತೋರಿಸಿದವರು ನಮ್ಮ ನೆರೆದೇಶದವರು. ಲಾಹೋರಿನ ಅರ್ಸಲಾನ್ ಆಶ್ 2019ರ ಫೆಬ್ರವರಿಯಲ್ಲಿ, ಇಂಥ ಹೊಡೆದಾಟದ ಆಟಗಳ ದೊಡ್ಡ ಪಂದ್ಯಾವಳಿಯಾದ ಇವೋದ ಜಪಾನ್ ಆವೃತ್ತಿ ‘ಇವೋ ಜಪಾನ್’ ಗೆದ್ದಾಗ ಹೊರಗಿನವರಿಗೆ ಅವರ ಹೆಸರೇ ಹೊಸದಾಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಇವೋ ಫೈನಲ್‌ನಲ್ಲಿ ಅವರು ‘ನೀ’ (Knee) ಎಂಬ ಹೆಸರಿನಲ್ಲಿ ಆಡುವ ದಕ್ಷಿಣ ಕೊರಿಯಾದ ದಿಗ್ಗಜರನ್ನು ಸೋಲಿಸಿದರು. ತಮ್ಮ ದೇಶದಲ್ಲಿ ತಮ್ಮಷ್ಟೇ ಬಲಶಾಲಿಗಳು ಇನ್ನೂ ಹಲವರಿದ್ದಾರೆಂದು ಅವರು ಹೇಳಿದ್ದನ್ನು ಹಲವರು ಸೌಜನ್ಯದ ಮಾತೆಂದುಕೊಂಡರು. ಅದು ಸತ್ಯವಾಗಿತ್ತು, ಮುಂದೆ ಅವೈಸ್ ಹನಿ, ಆತಿಫ್ ಬಟ್ ಮೊದಲಾದವರು ವಿಶ್ವದ ಅಗ್ರ ಸಾಲಿಗೆ ಬಂದರು. ವೀಸಾ ಸಿಗುವುದೇ ಕಷ್ಟವಾಗಿದ್ದ ಆಟಗಾರರು ತಮ್ಮ ಊರಿನಲ್ಲೇ ಒಬ್ಬರನ್ನೊಬ್ಬರು ದಿನವೂ ಸೋಲಿಸುತ್ತ ಬೆಳೆದಿದ್ದರು. ನಮ್ಮ ಊರಿನಲ್ಲೂ ಇದು ಆಗಬಾರದೇಕೆ ಎಂದು ನಾನು ಅಂದಿನಿಂದ ಇಂದಿನವರೆಗೂ ಕೇಳಿಕೊಳ್ಳುತ್ತಿದ್ದೇನೆ.

ಇವೋ ಕೂಡ ದೊಡ್ಡದಾಗಿ ಹುಟ್ಟಿದ್ದಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಸುಮಾರು 40 ಆಟಗಾರರು ಸೇರಿದ್ದ ‘ಬ್ಯಾಟಲ್ ಬೈ ದ ಬೇ’ ಎಂಬ ಪಂದ್ಯಾವಳಿ ಅದರ ಮೂಲ. 2002ರಲ್ಲಿ ಈಗಿನ ಹೆಸರು ಬಂತು. 2023ರಲ್ಲಿ ಅಲ್ಲಿ ಸ್ಟ್ರೀಟ್ ಫೈಟರ್ 6 ಒಂದಕ್ಕೇ 7,000ಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ್ದರು. ನಮ್ಮಲ್ಲಿಗೆ 20 ಮಂದಿ ಬಂದ ದಿನ ಬೇಸರಪಡುವ ಗೆಳೆಯರಿಗೆ ನಾನು ಆ 40ರ ಕಥೆಯನ್ನು ಹೇಳುತ್ತೇನೆ.

ಆಯೋಜನೆಯ ಕೆಲಸದಲ್ಲಿ ನನಗೆ ಇಂದಿಗೂ ನೋವು ಕೊಡುವ ಒಂದು ದಿನವಿದೆ. 32 ಮಂದಿಯ ಪಟ್ಟಿಯಲ್ಲಿ ಕನಿಷ್ಠ 62 ಪಂದ್ಯಗಳು ನಡೆಯಬೇಕು. ಆಟಗಾರರು ಬಂದು ಕುಳಿತು, ಬಟನ್‌ಗಳನ್ನು ಹೊಂದಿಸಿಕೊಂಡು, ಮೂರರಲ್ಲಿ ಎರಡು ಗೆಲ್ಲುವ ಪಂದ್ಯ ಮುಗಿಸಲು ಹತ್ತು ನಿಮಿಷ ಹಿಡಿಯುತ್ತದೆ. ನಾಲ್ಕು ಸೆಟಪ್‌ಗಳಲ್ಲಿ ಎರಡೂವರೆ ಗಂಟೆ ಸಾಕೆಂದು ನಾನು ಭಾಗಾಕಾರ ಮಾಡಿದ್ದೆ. ಕೊನೆಯ ಸುತ್ತುಗಳು ಒಂದರ ನಂತರ ಒಂದರಂತೆ ನಡೆಯಬೇಕಾಗುತ್ತದೆ, ಆಗ ನಾಲ್ಕು ಸೆಟಪ್ ಇದ್ದರೂ ಕೆಲಸ ಮಾಡುವುದು ಒಂದೇ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಮಧ್ಯೆ ಕರೆಂಟ್ ಹೋಯಿತು. ಬ್ಲೂಟೂತ್ ಸಂಪರ್ಕ ಕಡಿಯದೆ ಬ್ಯಾಗಿಗೆ ಹಾಕಿದ್ದ ಯಾರದೋ ಕಂಟ್ರೋಲರ್‌ನ ಗುಂಡಿ ಒತ್ತಿಹೋಗಿ, ನಡೆಯುತ್ತಿದ್ದ ಪಂದ್ಯವೊಂದು ನಿಂತಿತು. ರಾತ್ರಿ ಹತ್ತೂವರೆಯಾದಾಗ ಇಬ್ಬರು ಆಟಗಾರರು ಕೊನೆಯ ಮೆಟ್ರೊ ಹಿಡಿಯಲು ಪಂದ್ಯ ಬಿಟ್ಟುಕೊಟ್ಟು ಹೋದರು. ಅವರಲ್ಲಿ ಒಬ್ಬರು ಆ ದಿನ ಮೊದಲ ಸಲ ಅಗ್ರ ಎಂಟರೊಳಗೆ ಬಂದಿದ್ದರು. ತಪ್ಪು ಪೂರ್ತಿ ನನ್ನದು, ಮರುದಿನ ಇಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಈಗ ಬೆಳಗ್ಗೆ ಹನ್ನೊಂದಕ್ಕೆ ಆರಂಭಿಸಿ ಸಂಜೆ ಏಳಕ್ಕೆ ಬಾಗಿಲು ಹಾಕುವುದು ನಮ್ಮ ನಿಯಮ, ಮತ್ತು ಈ ನಿಯಮ ಬಂದ ನಂತರವೇ ಮಹಿಳಾ ಆಟಗಾರರು ನಿಯಮಿತವಾಗಿ ಬರಲು ಸಾಧ್ಯವಾಯಿತು. ಅಷ್ಟು ದಿನ ಅವರು ಬಾರದಿದ್ದುದಕ್ಕೆ ಆಸಕ್ತಿಯ ಕೊರತೆಯೇ ಕಾರಣವೆಂದು ನಾವು ಭಾವಿಸಿದ್ದೆವು.

ಆನ್‌ಲೈನ್‌ನಲ್ಲೇ ಆಡಬಹುದಲ್ಲ, ಒಂದೆಡೆ ಸೇರುವುದೇಕೆ ಎಂದು ಹಲವರು ಕೇಳುತ್ತಾರೆ. ಇವೋ ಸಂಸ್ಥಾಪಕರಲ್ಲಿ ಒಬ್ಬರಾದ ಟೋನಿ ಕ್ಯಾನನ್ ರೂಪಿಸಿದ ಜಿಜಿಪಿಒ ತಂತ್ರದಿಂದ ಜನಪ್ರಿಯವಾದ ರೋಲ್‌ಬ್ಯಾಕ್ ವಿಧಾನ ಈ ವಿಷಯದಲ್ಲಿ ಬಹಳ ಉಪಕಾರ ಮಾಡಿದೆ. ದೂರದ ಆಟಗಾರ ಯಾವ ಗುಂಡಿ ಒತ್ತಬಹುದೆಂದು ಯಂತ್ರ ಊಹಿಸಿ ಆಟವನ್ನು ಮುಂದುವರಿಸುತ್ತದೆ, ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತದೆ. ಹಾಸನದಲ್ಲೋ ಕಲಬುರಗಿಯಲ್ಲೋ ಒಬ್ಬಂಟಿಯಾಗಿರುವ ಆಟಗಾರನಿಗೆ ಇದು ನಿಜವಾದ ವರ. ಆದರೂ ಸಂದೇಶ ಬಂದು ತಲುಪಲು 50 ಮಿಲಿಸೆಕೆಂಡ್ ಹಿಡಿದರೆ ಮೂರು ಫ್ರೇಮ್ ಕಳೆದಿರುತ್ತದೆ, ಮತ್ತು ಸೋತ ಮೇಲೆ ಎದುರಾಳಿ ಪರದೆಯಿಂದ ಮಾಯವಾಗುತ್ತಾನೆ. ‘ಅದನ್ನು ಹೇಗೆ ಮಾಡಿದಿರಿ?’ ಎಂದು ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ನಮ್ಮ ಪಂದ್ಯಗಳಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ಆರಂಭಿಸಿದ್ದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಪನಿಶ್, ಕಾಂಬೊ, ಥ್ರೋ (ಎದುರಾಳಿಯನ್ನು ಹಿಡಿದು ಎಸೆಯುವುದು) ಎಂಬ ಮಾತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಅವುಗಳ ಸುತ್ತಲಿನ ವಿವರಣೆ ಮಾತ್ರ ಮನೆಯವರಿಗೂ ತಿಳಿಯುವಂತಿರುತ್ತದೆ. ಒಬ್ಬ ಆಟಗಾರನ ತಾಯಿ ಮಗನ ಪಂದ್ಯವನ್ನು ಮೊಬೈಲಿನಲ್ಲಿ ನೋಡಿ, ಅವನು ಬ್ಲಾಕ್ ಮಾಡಿಯೂ ಏಕೆ ತಿರುಗಿ ಹೊಡೆಯಲಿಲ್ಲವೆಂದು ಕೇಳಿದರಂತೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಸ್ಪರ್ಧೆಯಾಗಿತ್ತು, ಮಯಾಂಕ್ ಪ್ರಜಾಪತಿ ಮತ್ತು ಅಯನ್ ಬಿಸ್ವಾಸ್ ಭಾರತದ ಪರವಾಗಿ ಆಡಿದರು, ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ ತಮ್ಮ 44ನೇ ವಯಸ್ಸಿನಲ್ಲಿ ಚಿನ್ನ ಗೆದ್ದರು ಎಂಬುದನ್ನು ಹೆತ್ತವರಿಗೆ ಹೇಳಿದಾಗ ಅವರ ಮುಖದಲ್ಲಿ ಕಾಣುವ ಬದಲಾವಣೆಯೂ ನಮಗೆ ಬಹಳ ನೆರವಾಗಿದೆ.

ಕಳೆದ ತಿಂಗಳು ರಾಮನಗರದಿಂದ ಬಂದ ವಿದ್ಯಾರ್ಥಿಯೊಬ್ಬ ಎರಡು ಪಂದ್ಯಗಳನ್ನು ಸೋತ ನಂತರ ನಾನೇ ಅವನ ಪಕ್ಕದಲ್ಲಿ ಕುಳಿತೆ. ವಿಶೇಷ ಥ್ರೋಗಳಿಗೆ ಅವನು ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದ. ಎದುರಾಳಿಯ ಯಾವ ಕೈ ಮುಂದೆ ಬರುತ್ತದೆಯೋ ಆ ಕೈಯ ಗುಂಡಿಯನ್ನು ಒತ್ತಬೇಕು, ಎರಡೂ ಕೈ ಬಂದರೆ ಎರಡನ್ನೂ ಒತ್ತಬೇಕು ಎಂದು ತೋರಿಸಿದೆ. ಮೊದಲ ಹತ್ತು ಪ್ರಯತ್ನಗಳಲ್ಲಿ ಒಂದನ್ನು ಬಿಡಿಸಿಕೊಂಡ, ಅರ್ಧ ಗಂಟೆಯ ಕೊನೆಗೆ ಹತ್ತರಲ್ಲಿ ಆರನ್ನು. ಈ ಭಾನುವಾರ ಅವನು ಹತ್ತೂವರೆಗೇ ಬಂದು, ನಾನು ಮಾನಿಟರ್‌ಗಳಿಗೆ ವೈರ್ ಜೋಡಿಸುವಾಗ ಎಕ್ಸ್‌ಟೆನ್ಷನ್ ಬೋರ್ಡ್ ಹಿಡಿದು ನಿಂತಿದ್ದ. ಜೊತೆಯಲ್ಲಿ ತನ್ನ ತಂಗಿಯನ್ನೂ ಕರೆತಂದಿದ್ದ. ಅವನ ಹೆಸರಿನ ಪಕ್ಕದಲ್ಲಿ ಗೆರೆ ಎಳೆದು, ಅದರ ಕೆಳಗೆ ಅವಳ ಹೆಸರನ್ನು ಬರೆದುಕೊಂಡೆ.