ಐದನೇ ನಂಬರಿನವನ ಹಿಂದೆ ಒಂದು ಮಧ್ಯಾಹ್ನ

1986ರ ವಿಶ್ವಕಪ್ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದದ್ದು ಯಾರು? ಫುಟ್ಬಾಲ್ ಹುಚ್ಚಿರುವ ನಿಮ್ಮ ಗೆಳೆಯರನ್ನು ಕೇಳಿ ನೋಡಿ. ಬಹಳ ಜನ ಮರಡೋನಾ ಅನ್ನುತ್ತಾರೆ. ಸ್ವಲ್ಪ ತಿಳಿದವರು ವಾಲ್ಡಾನೊ ಅನ್ನುತ್ತಾರೆ, ಇಲ್ಲವೇ ಬುರುಚಾಗಾ ಅನ್ನುತ್ತಾರೆ. ಹೊಡೆದದ್ದು ಹೊಸೆ ಲೂಯಿಸ್ ಬ್ರೌನ್ ಎಂಬ ಐದನೇ ನಂಬರಿನ ಡಿಫೆಂಡರ್. ಅರ್ಜೆಂಟೀನಾ ಪರವಾಗಿ ಅವನು ಆಡಿದ್ದು 36 ಪಂದ್ಯ. ಹೊಡೆದದ್ದು ಒಂದೇ ಗೋಲು. ಆ ಒಂದು ಗೋಲು ವಿಶ್ವಕಪ್ ಫೈನಲ್‌ನಲ್ಲೇ ಬಂತು.

ಈ ಮಾಹಿತಿ ನನಗೆ ಮೊದಲೇ ಗೊತ್ತಿತ್ತು. ಆದರೆ ಬ್ರೌನ್ ಏನು ಮಾಡಿದ ಅನ್ನೋದು ಮೈಗೆ ಅರ್ಥವಾಗಿದ್ದು ನನ್ನ ಭುಜ ತಪ್ಪಿದ ಮೇಲೆ.

ನಾನು ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಆಡುವವನು. ನನ್ನ ಜಾಗ ಸ್ಟಾಪರ್, ಅಂದರೆ ರಕ್ಷಣೆಯ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್. ಕಳೆದ ಮಳೆಗಾಲದಲ್ಲಿ ಒಂದು ಕಾರ್ನರ್ ಬಂತು. ಹೆಡ್ ಮಾಡಲು ಎಗರಿದೆ. ಇಳಿಯುವಾಗ ಎದುರು ತಂಡದವನ ಮೈ ತಾಗಿ ಚಾಚಿದ ಕೈಯ ಮೇಲೆ ಬಿದ್ದೆ. ಭುಜದ ಕೀಲು ಕಳಚಿತು. ಆ ನೋವನ್ನು ಹೇಗೆ ಹೇಳಲಿ? ಕೈ ನನ್ನದೇ, ಆದರೆ ನನ್ನ ಮಾತು ಕೇಳುತ್ತಿಲ್ಲ. ಉಸಿರು ಎಳೆದುಕೊಂಡರೂ ಭುಜದ ಸುತ್ತ ಇರುವ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ನಾನು ಮೈದಾನದಿಂದ ನಡೆದೇ ಹೊರಗೆ ಬಂದೆ, ಆದರೆ ಒಂದೊಂದು ಹೆಜ್ಜೆಗೂ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಡಾಕ್ಟರ್ ಕೀಲು ಕೂರಿಸಿ ಸ್ಲಿಂಗ್ ಹಾಕಿದರು. "ಕೈ ಮೇಲೆ ಎತ್ತಬೇಡಿ, ಹೊರಗಡೆ ತಿರುಗಿಸಬೇಡಿ. ಹೊಟ್ಟೆಗೆ ಅಂಟಿಕೊಂಡ ಹಾಗೇ ಇರಲಿ" ಅಂದರು. ಹಾಗೆ ತಿರುಗಿಸಿದರೆ ಮತ್ತೆ ಕಳಚುವ ಸಾಧ್ಯತೆ ಇರುತ್ತದಂತೆ.

ಮನೆಯಲ್ಲಿ ಕೂತು ಬೇಜಾರಾಗಿದ್ದ ಒಂದು ಮಧ್ಯಾಹ್ನ ಅಕ್ಕನ ಮಗ ಬಂದ. ಎಂಜಿನಿಯರಿಂಗ್ ಓದುವ ಹುಡುಗ. ಮೆಸ್ಸಿ ಅಂದರೆ ಪ್ರಾಣ. 2022ರ ಫೈನಲ್‌ನ ಒಂದೊಂದು ಪಾಸೂ ಬಾಯಿಪಾಠ.

"ಮಾವ, ಸುಮ್ನೆ ಕೂತಿದ್ದೀರಲ್ಲ, 86ರ ಫೈನಲ್ ಪೂರ್ತಿ ನೋಡೋಣ್ವಾ?" ಅಂದ.

"ನೋಡೋಣ. ಆದ್ರೆ ನಾನು ಮರಡೋನಾನ ನೋಡಲ್ಲ. ಐದನೇ ನಂಬರಿನವನನ್ನ ಮಾತ್ರ ನೋಡ್ತೀನಿ."

ಅವನು ನನ್ನ ಕೈ ನೋಡಿದ, ಮುಖ ನೋಡಿದ, ಲ್ಯಾಪ್‌ಟಾಪ್ ತೆರೆದ.

1986 ಜೂನ್ 29, ಭಾನುವಾರ. ಮೆಕ್ಸಿಕೊ ನಗರದ ಅಸ್ಟೆಕಾ ಕ್ರೀಡಾಂಗಣ. ಒಂದು ಲಕ್ಷ ಮೀರಿದ ಜನ. ಪಂದ್ಯ ಶುರುವಾಗಿದ್ದು ಅಲ್ಲಿಯ ಮಧ್ಯಾಹ್ನ 12ಕ್ಕೆ, ಸುಡು ಬಿಸಿಲಿನಲ್ಲಿ. ಸಮುದ್ರ ಮಟ್ಟದಿಂದ 2,200 ಮೀಟರ್‌ಗಿಂತ ಎತ್ತರದ ಊರು ಅದು. ಓಡಿದರೆ ಬೇಗ ಏದುಸಿರು ಬರುತ್ತದೆ. ಒಂದು ಕಡೆ ಬೆಕನ್‌ಬೌರ್ ಕೋಚ್ ಆಗಿದ್ದ ಪಶ್ಚಿಮ ಜರ್ಮನಿ, ಇನ್ನೊಂದು ಕಡೆ ಕಾರ್ಲೋಸ್ ಬಿಲಾರ್ಡೊನ ಅರ್ಜೆಂಟೀನಾ.

ಒಬ್ಬ ಡಿಫೆಂಡರ್‌ನನ್ನು ಮಾತ್ರ ನೋಡುತ್ತೇನೆ ಅನ್ನೋದು ಹೇಳಿದಷ್ಟು ಸುಲಭ ಅಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಚೆಂಡು ಜರ್ಮನಿಯ ಕಡೆ ಇದ್ದಾಗ ಬ್ರೌನ್ ಪರದೆಯಲ್ಲೇ ಇಲ್ಲ. ಚೆಂಡು ಈ ಕಡೆ ಬಂದಾಗ ಅವನು ಎಲ್ಲಿಂದ ಬರುತ್ತಾನೆ ಅಂತ ನಾವೇ ಊಹಿಸಬೇಕು. ನಾನೂ ಹುಡುಗನೂ ಅದನ್ನೇ ಮಾಡಿದೆವು. ಬಹಳ ಸಲ ಚೆಂಡು ಬೀಳುವ ಜಾಗದಲ್ಲಿ ಅವನು ಮೊದಲೇ ನಿಂತಿರುತ್ತಿದ್ದ. ಓಡಿ ಬಂದದ್ದು ಕಾಣುತ್ತಲೇ ಇರಲಿಲ್ಲ. ಅದೇ ಲಿಬೆರೊನ, ಅಂದರೆ ಎಲ್ಲರ ಹಿಂದೆ ನಿಲ್ಲುವ ಡಿಫೆಂಡರ್‌ನ ಕೆಲಸ. ಮುಂದೆ ರುಗ್ಗೇರಿ ಮತ್ತು ಕುಚಿಯುಫೊ ಜರ್ಮನಿಯ ಫಾರ್ವರ್ಡ್‌ಗಳನ್ನು ಒಬ್ಬೊಬ್ಬರಂತೆ ಹಿಡಿಯುತ್ತಾರೆ, ಅಂದರೆ ಬೆನ್ನು ಬಿಡದೆ ಕಾಯುತ್ತಾರೆ. ಅವರಿಬ್ಬರ ಹಿಂದೆ ಯಾರನ್ನೂ ಹಿಡಿಯದೆ ಬ್ರೌನ್ ನಿಂತಿರುತ್ತಾನೆ. ಅವರನ್ನು ದಾಟಿ ಏನು ಬಂದರೂ ಅದು ಇವನ ಪಾಲು.

"ಲಿಬೆರೊಗೆ ಐದೇ ನಂಬರ್ ಕೊಡ್ತಿದ್ರಾ?" ಅಂತ ಹುಡುಗ ಕೇಳಿದ. ಹಾಗೇನಿಲ್ಲ. ಅರ್ಜೆಂಟೀನಾ ಆಗ ಹೆಸರಿನ ಅಕ್ಷರಗಳ ಕ್ರಮದಲ್ಲಿ ನಂಬರ್ ಕೊಡುತ್ತಿತ್ತು. ಆಲ್ಮಿರೋನ್ 1, ಬಟಿಸ್ಟಾ 2, ಬೊಚಿನಿ 3, ಬೋರ್ಗಿ 4, ಬ್ರೌನ್ 5. ಗೋಲ್‌ಕೀಪರ್ ಪುಂಪಿಡೊಗೆ 18. ಈ ಲೆಕ್ಕದಿಂದ ಮೂವರಿಗೆ ಮಾತ್ರ ವಿನಾಯಿತಿ ಇತ್ತು: ಮರಡೋನಾಗೆ 10, ವಾಲ್ಡಾನೊಗೆ 11, ಡೇನಿಯಲ್ ಪಸರೆಲ್ಲಾಗೆ 6.

ಈ ಪಸರೆಲ್ಲಾನ ವಿಷಯ ಹೇಳದೆ ಬ್ರೌನ್‌ನ ಕಥೆ ಮುಂದೆ ಹೋಗುವುದಿಲ್ಲ. 1978ರಲ್ಲಿ ಅರ್ಜೆಂಟೀನಾ ಮೊದಲ ಸಲ ವಿಶ್ವಕಪ್ ಗೆದ್ದಾಗ ಕಪ್ ಎತ್ತಿದ ನಾಯಕ ಅವನು. ಡಿಫೆಂಡರ್ ಆಗಿದ್ದೂ 130ಕ್ಕಿಂತ ಜಾಸ್ತಿ ಗೋಲು ಹೊಡೆದವನು. 86ರಲ್ಲಿ ಲಿಬೆರೊ ಜಾಗ ಅವನದೇ ಆಗಬೇಕಿತ್ತು. ಮೊದಲ ಪಂದ್ಯಕ್ಕೆ ಮುಂಚೆ ಹೊಟ್ಟೆಯ ಸೋಂಕು ತಗಲಿ ಮಲಗಿದ. ಚೇತರಿಸಿಕೊಳ್ಳುವಷ್ಟರಲ್ಲಿ ಕಾಲಿನ ಸ್ನಾಯುವಿಗೆ ಪೆಟ್ಟಾಯಿತು. ಇಡೀ ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಆಡಲಿಲ್ಲ.

ಆ ಜಾಗಕ್ಕೆ ಬಂದ ಬ್ರೌನ್‌ಗೆ ಆಗ ಒಂದು ಕ್ಲಬ್ ಕೂಡ ಇರಲಿಲ್ಲ. ಎರಡು ಸಲ ಯೋಚಿಸಿ ನೋಡಿ. ವಿಶ್ವಕಪ್ ತಂಡದಲ್ಲಿದ್ದಾನೆ, ಆದರೆ ಸಂಬಳ ಕೊಡುವ ಕ್ಲಬ್ ಇಲ್ಲ. 1956ರಲ್ಲಿ ಬ್ಯೂನಸ್ ಐರಿಸ್ ಪ್ರಾಂತ್ಯದ ರಾಂಚೋಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. 'ತಾತಾ' ಬ್ರೌನ್ ಅಂತ ಅವನನ್ನು ಎಲ್ಲರೂ ಕರೆಯುತ್ತಿದ್ದರು. ಲಾ ಪ್ಲಾಟಾದ ಎಸ್ಟುಡಿಯಾಂಟೆಸ್ ಕ್ಲಬ್‌ನಲ್ಲಿ 1975ರಲ್ಲಿ ಆಟ ಶುರು ಮಾಡಿದ. 1982 ಮತ್ತು 1983ರಲ್ಲಿ ಆ ಕ್ಲಬ್ ಲೀಗ್ ಗೆದ್ದಾಗ ತಂಡದಲ್ಲಿದ್ದ. ಆಮೇಲೆ ಕೊಲಂಬಿಯಾದ ಅಟ್ಲೆಟಿಕೊ ನ್ಯಾಸಿಯೊನಾಲ್, ಬೋಕಾ ಜೂನಿಯರ್ಸ್, ಡೆಪೊರ್ಟಿವೊ ಎಸ್ಪಾನ್ಯೋಲ್. ಅಲ್ಲಿಂದ ಹೊರಬಿದ್ದಾಗ ಕೈಯಲ್ಲಿ ಏನೂ ಇರಲಿಲ್ಲ. ವಯಸ್ಸು 29.

ಅಂಥವನನ್ನು ಬಿಲಾರ್ಡೊ ಮೆಕ್ಸಿಕೊಗೆ ಕರೆದುಕೊಂಡು ಹೋದ. ಯಾಕೆ? ಎಸ್ಟುಡಿಯಾಂಟೆಸ್‌ನಲ್ಲಿ ಬ್ರೌನ್‌ಗೆ ಮೊದಲ ಅವಕಾಶ ಕೊಟ್ಟ ಕೋಚ್ ಬಿಲಾರ್ಡೊನೇ. ಬಿಲಾರ್ಡೊ ಆಟಗಾರನಾಗಿ ಹೆಸರು ಮಾಡಿದ್ದೂ ಅದೇ ಕ್ಲಬ್‌ನಲ್ಲಿ. ತಂಡದ ಡಾಕ್ಟರ್ ರೌಲ್ ಮಡೇರೊ ಕೂಡ ಅಲ್ಲಿಯ ಹಳೆಯ ಡಿಫೆಂಡರ್. ಈ ಮೂವರೂ ಒಂದೇ ಮನೆಯವರು ಅನ್ನಬಹುದು. ಹೀಗೆ ಬೆಂಚಿಗೆ ಅಂತ ಬಂದವನು ಏಳಕ್ಕೆ ಏಳೂ ಪಂದ್ಯ ಆಡಿದ. ಕೊರಿಯಾ, ಇಟಲಿ, ಬಲ್ಗೇರಿಯಾ, ಉರುಗ್ವೆ, ಇಂಗ್ಲೆಂಡ್, ಬೆಲ್ಜಿಯಂ ಎಲ್ಲರನ್ನೂ ದಾಟಿ ಫೈನಲ್‌ಗೆ ಬರುವ ತನಕ ಅರ್ಜೆಂಟೀನಾ ಬಿಟ್ಟುಕೊಟ್ಟದ್ದು ಮೂರೇ ಗೋಲು. ಮರಡೋನಾನ ಮಾಯೆಯ ಮಧ್ಯೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳುತ್ತಿರುವಾಗಲೇ 23ನೇ ನಿಮಿಷ ಬಂತು. ಬಲಗಡೆಯಿಂದ ಬುರುಚಾಗಾನ ಫ್ರೀ ಕಿಕ್. ಚೆಂಡು ಗಾಳಿಯಲ್ಲಿ ಬಾಗಿ ಬಂತು. ಜರ್ಮನಿಯ ಗೋಲ್‌ಕೀಪರ್ ಶುಮಾಕರ್ ಗೋಲು ಬಿಟ್ಟು ಮುಂದಕ್ಕೆ ಓಡಿದ, ಚೆಂಡು ಸಿಗಲಿಲ್ಲ. ಮರಡೋನಾ ಅಲ್ಲೇ ಹತ್ತಿರ ಇದ್ದ. ಬ್ರೌನ್ ಓಡುತ್ತಾ ಬಂದು ಎಗರಿ ತಲೆ ಕೊಟ್ಟ. ಖಾಲಿ ಗೋಲು.

"ಲಿಬೆರೊ ಇಷ್ಟು ಮುಂದೆ ಬಂದಿದ್ದಾನಲ್ಲ ಮಾವ!" ಹುಡುಗ ಎದ್ದು ನಿಂತಿದ್ದ. ಫಲಿತಾಂಶ ಗೊತ್ತಿದ್ದೂ ಎದ್ದು ನಿಂತಿದ್ದ. ನನಗೂ ಹಾಗೇ ಆಯಿತು, ಎರಡೂ ಕೈ ಎತ್ತಲು ಹೋಗಿ ಸ್ಲಿಂಗ್ ಬಿಗಿಯಿತು.

ಎರಡನೇ ಅರ್ಧ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ, ಬ್ರೌನ್ ಡಿಕ್ಕಿಯಾಗಿ ಬಿದ್ದ. ಭುಜ ಹೋಯಿತು.

ಇಲ್ಲಿಂದ ಮುಂದೆ ನಾನು ಪರದೆ ನೋಡಿದ ರೀತಿ ಬೇರೆಯೇ ಆಯಿತು. ಮಡೇರೊ ಬಂದು ನೋಡಿದ. ತನ್ನನ್ನು ಹೊರಗೆ ಕರೆಸುವ ಯೋಚನೆಯನ್ನೇ ಮಾಡಬೇಡ ಅಂತ ಬ್ರೌನ್ ಅವನಿಗೆ ಹೇಳಿದ. ಆಮೇಲೆ ತನ್ನ ಜೆರ್ಸಿಯನ್ನು ಹಲ್ಲಿನಿಂದ ಕಚ್ಚಿ ಎದೆಯ ಹತ್ತಿರ ತೂತು ಮಾಡಿದ. ಆ ತೂತಿಗೆ ಬೆರಳು ಸಿಕ್ಕಿಸಿಕೊಂಡ. ಕೈ ನೇತಾಡದ ಹಾಗೆ ಮೈಗೆ ನಿಂತಿತು. ಹಾಗೇ ಕೊನೆಯ ತನಕ ಆಡಿದ.

ಈ ಕಥೆಯನ್ನು ಮೊದಲು ಓದಿದಾಗ ವೀರಗಾಥೆ ಅಂತ ಖುಷಿಪಟ್ಟಿದ್ದೆ ಅಷ್ಟೆ. ಈಗ ನನ್ನ ಕೈ ಕೂಡ ಹಾಗೇ ಮಡಚಿ ಹೊಟ್ಟೆಯ ಮೇಲೆ ಇತ್ತು. ಡಾಕ್ಟರ್ ನನಗೆ ಸ್ಲಿಂಗ್ ಕೊಟ್ಟು ಏನು ಮಾಡಿದ್ದರೋ, ಅವನು ಹಲ್ಲಿನಿಂದ ಅದನ್ನೇ ಮಾಡಿಕೊಂಡಿದ್ದ. ತೋಳು ಮೈಗೆ ಅಂಟಿರಬೇಕು, ಹೊರಗೆ ತಿರುಗಬಾರದು. ಬಟ್ಟೆಯೇ ಸ್ಲಿಂಗ್ ಆಯಿತು. ನೋವಿನ ಆ ಕ್ಷಣದಲ್ಲಿ ಅಷ್ಟು ಸರಿಯಾದ ಉಪಾಯ ಹೊಳೆದದ್ದು ನನಗೆ ಇವತ್ತಿಗೂ ಆಶ್ಚರ್ಯ.

ಇನ್ನೊಂದು ವಿಷಯ ಭುಜ ತಪ್ಪಿದವರಿಗೆ ಮಾತ್ರ ಗೊತ್ತಾಗುತ್ತದೆ. ಓಡಲು ಕಾಲಷ್ಟೇ ಕೈಯೂ ಬೇಕು. ಒಂದು ಕೈ ಕಟ್ಟಿಕೊಂಡು ಮಹಡಿ ಮೆಟ್ಟಿಲು ಇಳಿಯುವಾಗಲೇ ನನಗೆ ಸಮತೋಲ ತಪ್ಪುತ್ತಿತ್ತು. ತಿರುಗುವಾಗ ಮೈ ಒಂದು ಕಡೆಗೆ ಎಳೆಯುತ್ತದೆ. ಎಗರಲು ಎರಡೂ ತೋಳು ಬೀಸಬೇಕು, ಇಲ್ಲದಿದ್ದರೆ ಎತ್ತರ ಸಿಗುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ, ಪೆಟ್ಟಾದ ಕಡೆಗೆ ಯಾರಾದರೂ ಬರುತ್ತಿದ್ದಾರೆ ಅಂದರೆ ಮೈ ತಾನಾಗಿಯೇ ಹಿಂದೆ ಸರಿಯುತ್ತದೆ. ಮನೆಯಲ್ಲಿ ಅಕ್ಕ ಕಾಫಿ ಲೋಟ ಕೊಡಲು ಹತ್ತಿರ ಬಂದರೂ ನಾನು ಸರಿಯುತ್ತಿದ್ದೆ. ಬ್ರೌನ್‌ನ ಎದುರಿಗಿದ್ದದ್ದು ಜರ್ಮನಿಯ ರುಮೆನಿಗೆ, ಬ್ರೀಗೆಲ್, ವಿರಾಮದ ನಂತರ ಬಂದ ಫೋಲರ್. ಬ್ರೀಗೆಲ್‌ನ ಮೈಕಟ್ಟು ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತು.

ಆದರೂ ಅವನು ಸರಿಯಲಿಲ್ಲ. ಕ್ಯಾಮೆರಾ ಅವನ ಮೇಲೆ ಬಂದಾಗಲೆಲ್ಲ ನಾನು ಅದನ್ನೇ ಹುಡುಕಿದೆ. ಜಾಗದಲ್ಲಿ ನಿಂತಿದ್ದ. ಒಳ್ಳೆಯ ಕೈಯಿಂದ ತೋರಿಸುತ್ತಿದ್ದ, ಕೂಗುತ್ತಿದ್ದ. ಲಿಬೆರೊನ ಅರ್ಧ ಕೆಲಸ ಕಣ್ಣು ಮತ್ತು ಗಂಟಲಿನದು. ಆ ಎರಡಕ್ಕೂ ಪೆಟ್ಟಾಗಿರಲಿಲ್ಲ.

55ನೇ ನಿಮಿಷದಲ್ಲಿ ವಾಲ್ಡಾನೊ ಎರಡನೇ ಗೋಲು ಹೊಡೆದ. ಆಮೇಲೆ ಜರ್ಮನಿ ಬಿಡಲಿಲ್ಲ. 74ನೇ ನಿಮಿಷದಲ್ಲಿ ಎಡಗಡೆಯಿಂದ ಬ್ರೆಮೆಯ ಕಾರ್ನರ್, ರುಮೆನಿಗೆಯ ಗೋಲು. ಕೆಲವೇ ನಿಮಿಷದಲ್ಲಿ ಮತ್ತೆ ಬ್ರೆಮೆಯ ಕಾರ್ನರ್, ಫೋಲರ್‌ನ ಹೆಡ್. 2-2. ಎರಡೂ ಕಾರ್ನರ್‌ನಿಂದ, ಎರಡೂ ಮೇಲಿಂದ ಬಂದ ಚೆಂಡು. ಪಂದ್ಯ ಗೆದ್ದ ಮೇಲೂ ಬಿಲಾರ್ಡೊ ಆ ಎರಡು ಗೋಲಿನ ಬಗ್ಗೆ ಕೊರಗುತ್ತಾ ಕೂತಿದ್ದ. ಅಂಥ ಕೋಚ್ ಅವನು. ನನಗೆ ಮಾತ್ರ ಬೇರೆ ಅನ್ನಿಸಿತು. ರಕ್ಷಣೆಯ ಮಧ್ಯದಲ್ಲಿ ಒಬ್ಬನಿಗೆ ತೋಳು ಬೀಸಿ ಎಗರಲು ಆಗುತ್ತಿಲ್ಲ. ಕಾರ್ನರ್‌ನಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಹಾಗಾದರೆ ಅವನನ್ನು ಹೊರಗೆ ಕರೆದು ಬೇರೆಯವನನ್ನು ಕಳಿಸಬೇಕಿತ್ತಲ್ವಾ?

ಹುಡುಗ ಅದನ್ನೇ ಕೇಳಿದ. "ಬದಲಿ ಆಟಗಾರ ಇದ್ನಲ್ಲ ಮಾವ. ಇವನು ಹಟ ಮಾಡಿದ್ದು ತಂಡಕ್ಕೆ ನಷ್ಟ ಅಲ್ವಾ?"

ಒಳ್ಳೆಯ ಪ್ರಶ್ನೆ. ಆಗ ಎರಡು ಬದಲಿಗೆ ಮಾತ್ರ ಅವಕಾಶ ಇತ್ತು. ಬಿಲಾರ್ಡೊ ಕೊನೆಯ ತನಕ ಒಂದನ್ನೂ ಬಳಸಿರಲಿಲ್ಲ. 90ನೇ ನಿಮಿಷದಲ್ಲಿ ಬುರುಚಾಗಾನ ಬದಲು ಟ್ರೊಬಿಯಾನಿಯನ್ನು ಕಳಿಸಿದ್ದು ಅಷ್ಟೇ. ಲಿಬೆರೊ ಜಾಗಕ್ಕೆ ಪಸರೆಲ್ಲಾ ಸಿಗುವ ಹಾಗಿರಲಿಲ್ಲ. ಬೇರೆಯವನು ಬಂದಿದ್ದರೆ ಎರಡು ತೋಳು ಇರುತ್ತಿದ್ದವು. ಆದರೆ ಹಿಂದೆ ನಿಲ್ಲುವ ಬ್ರೌನ್, ರುಗ್ಗೇರಿ, ಕುಚಿಯುಫೊ ಮೂವರಿಗೂ ಒಬ್ಬರ ಹೆಜ್ಜೆ ಒಬ್ಬರಿಗೆ ಗೊತ್ತಿತ್ತು. ಫೈನಲ್‌ನ ನಡುವೆ ಬಂದವನಿಗೆ ಅದು ಗೊತ್ತಿರುತ್ತಿರಲಿಲ್ಲ. ಸ್ಟಾಪರ್ ಆಡುವ ನನಗೆ ಇದರಲ್ಲಿ ಅನುಮಾನವೇ ಇಲ್ಲ. ನನ್ನ ಪಕ್ಕದವನು ಬದಲಾದ ದಿನ ನಾನು ಎಷ್ಟು ಸಲ ಹಿಂದಿರುಗಿ ನೋಡುತ್ತೇನೆ ಅಂತ ನನಗೆ ಗೊತ್ತು. ಒಂದು ತೋಳಿನ ಬ್ರೌನ್ ಇರುವುದೇ ಮೇಲು ಅಂತ ಬಿಲಾರ್ಡೊಗೂ ಅನ್ನಿಸಿರಬೇಕು, ಇಲ್ಲದಿದ್ದರೆ ಅಷ್ಟು ಲೆಕ್ಕಾಚಾರದ ಮನುಷ್ಯ ಸುಮ್ಮನಿರುತ್ತಿರಲಿಲ್ಲ. ಹುಡುಗ ಪೂರ್ತಿ ಒಪ್ಪಲಿಲ್ಲ. ಇರಲಿ.

2-2 ಆದ ಎರಡು-ಮೂರು ನಿಮಿಷದಲ್ಲೇ ಮರಡೋನಾ ಸುತ್ತ ಜರ್ಮನಿಯವರಿದ್ದರೂ ಒಂದು ಪಾಸ್ ಕೊಟ್ಟ. ಬುರುಚಾಗಾ ಒಬ್ಬನೇ ಓಡಿದ, ಹೊಡೆದ. 3-2. ಸೀಟಿ ಊದಿದಾಗ ಬ್ರೌನ್ ಇನ್ನೂ ಮೈದಾನದಲ್ಲೇ ಇದ್ದ.

ಸಂಜೆ ಭಾವ ಮಗನನ್ನು ಕರೆದುಕೊಂಡು ಹೋಗಲು ಬಂದರು. 86ರಲ್ಲಿ ಅವರು ಶಾಲೆಯ ಹುಡುಗ. ನಮ್ಮಲ್ಲಿ ಆಗ ರಾತ್ರಿ ಹನ್ನೊಂದೂವರೆ. ಪಕ್ಕದ ಮನೆಯ ಟಿವಿ ಮುಂದೆ ಚಾಪೆ ಹಾಸಿಕೊಂಡು ದೂರದರ್ಶನದಲ್ಲಿ ಈ ಪಂದ್ಯ ನೋಡಿದವರು. ಅವತ್ತಿನಿಂದ ಅರ್ಜೆಂಟೀನಾ ಅಭಿಮಾನಿ.

"ಮೊದಲನೇ ಗೋಲು ಯಾರ್ದು ಹೇಳಿ ಭಾವ" ಅಂದೆ.

"ವಾಲ್ಡಾನೊದು."

ಮಗ ಅಪ್ಪನಿಗೆ ಮತ್ತೆ ಆ ಗೋಲು ಹಾಕಿ ತೋರಿಸಿದ. ಆಮೇಲೆ ತೂತು ಮಾಡಿದ ಜೆರ್ಸಿಯ ಕಥೆ, ಕ್ಲಬ್ ಇಲ್ಲದ ಕಥೆ, ಎಲ್ಲ ಅವನೇ ಹೇಳಿದ. ಭಾವ ತುಂಬಾ ಹೊತ್ತು ಕೇಳಿಸಿಕೊಂಡರು. "ಆಮೇಲೆ ಏನಾದ ಅವನು?" ಅಂದರು.

ಆಮೇಲೆ ಕ್ಲಬ್‌ಗಳು ಬಂದವು. ಫ್ರಾನ್ಸಿನ ಬ್ರೆಸ್ಟ್, ಸ್ಪೇನಿನ ಮುರ್ಸಿಯಾ, ಕೊನೆಗೆ ದೇಶಕ್ಕೆ ಮರಳಿ ರೇಸಿಂಗ್ ಕ್ಲಬ್. ಆಟ ಬಿಟ್ಟ ಮೇಲೆ ಕೋಚ್ ಆದ. 86ರ ತಂಡದ ಎರಡನೇ ನಂಬರಿನ ಸೆರ್ಜಿಯೊ ಬಟಿಸ್ಟಾನಿಗೆ ಸಹಾಯಕನಾಗಿ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ. ಮೆಸ್ಸಿ ಮತ್ತು ಡಿ ಮರಿಯಾ ಆಡಿದ ಆ ತಂಡ ಚಿನ್ನ ಗೆದ್ದಿತು. 2009ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್‌ಗೆ ಹುಡುಗರನ್ನು ಕರೆದುಕೊಂಡು ಹೋದ. ಆಮೇಲೆ ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಬಂತು. 2019ರ ಆಗಸ್ಟ್ 12ರಂದು ತೀರಿಕೊಂಡ. ಆಗಿನ್ನೂ 62 ವರ್ಷ. ರಕ್ಷಣೆಯ ಆ ಮೂವರಲ್ಲಿ ಕುಚಿಯುಫೊ ಅದಕ್ಕೂ ಮೊದಲೇ, 2004ರಲ್ಲಿ, ಬೇಟೆಗೆ ಹೋದಾಗ ಗುಂಡು ತಗಲಿ ಸತ್ತಿದ್ದ. ಈಗ ಉಳಿದಿರುವುದು ರುಗ್ಗೇರಿ ಒಬ್ಬನೇ.

ಬೀಜಿಂಗ್ ವಿಷಯ ಹುಡುಗನಿಗೆ ಗೊತ್ತಿರಲಿಲ್ಲ. ತನ್ನ ಮೆಸ್ಸಿಯ ಹಿಂದೆಯೂ ಆ ಐದನೇ ನಂಬರಿನವನು ನಿಂತಿದ್ದ ಅಂತ ತಿಳಿದು ಅವನಿಗೆ ಬಹಳ ಖುಷಿಯಾಯಿತು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ: "ಮಾವ, ಮುಂದಿನ ಭಾನುವಾರ ಇಂಗ್ಲೆಂಡ್ ಪಂದ್ಯ ನೋಡೋಣ. ನಾನು ಕುಚಿಯುಫೊನ ನೋಡ್ತೀನಿ. ನೀವು ಬ್ರೌನ್. ಅಪ್ಪನೂ ಬರ್ಲಿ, ರುಗ್ಗೇರಿನ ಅವ್ರಿಗೆ ಬಿಡೋಣ."

ಭಾವ ಒಪ್ಪಲಿಲ್ಲ. ತಾನು ಮರಡೋನಾನನ್ನೇ ನೋಡುವುದು ಅಂದರು.