ಅಗ್ಗದ 11.6 ಇಂಚಿನ ಲ್ಯಾಪ್‌ಟಾಪ್: ಕೊಳ್ಳುವ ಮೊದಲು ನೋಡಬೇಕಾದ್ದು

ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ಗಿಂತ ಮೊದಲು ಕಾಟ ಕೊಡುವುದು ಸ್ಟೋರೇಜ್. 64 ಜಿಬಿ ಎಂದು ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ವೇಗದ ಸ್ಟೋರೇಜ್ ಆದ ಎಸ್‌ಎಸ್‌ಡಿ ಅಲ್ಲ, ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ ಇಎಂಎಂಸಿ ಎಂಬ ನಿಧಾನದ ಸ್ಟೋರೇಜ್ ಚಿಪ್. ಕೆಟ್ಟರೆ ಬಿಚ್ಚಿ ಬದಲಿಸುವಂತಿಲ್ಲ. ವಿಂಡೋಸ್ 11 ಕೇಳುವ ಕನಿಷ್ಠ ಜಾಗವೇ 64 ಜಿಬಿ. ಫೋಟೊ, ವಾಟ್ಸ್‌ಆ್ಯಪ್ ಫೈಲುಗಳು ತುಂಬಿಕೊಂಡ ಮೇಲೆ ದೊಡ್ಡ ಅಪ್‌ಡೇಟ್ ಬಂದರೆ ಜಾಗ ಸಾಲದೆ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಅಂಗಡಿಯವರನ್ನು ಮೊದಲು ಕೇಳಬೇಕಾದ್ದು: ಒಳಗೆ ಖಾಲಿ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸುವ ಜಾಗ) ಇದೆಯೇ? ಇದ್ದರೆ 256 ಜಿಬಿ ಎಸ್‌ಎಸ್‌ಡಿ ಹಾಕಿಸಿ ಸಿಸ್ಟಮನ್ನು ಅದಕ್ಕೇ ಇನ್‌ಸ್ಟಾಲ್ ಮಾಡಿಸಿ.

ರ್‍ಯಾಮ್ 4 ಜಿಬಿಯಷ್ಟೇ ಇದ್ದು ಅದೂ ಬೆಸುಗೆಯದಾದರೆ ಅದನ್ನೂ ಬದಲಿಸುವಂತಿಲ್ಲ; ಗ್ರಾಫಿಕ್ಸ್‌ಗೆ ಹೋಗುವ ಪಾಲೂ ಅದರಲ್ಲೇ. ಇಂಥವುಗಳಲ್ಲಿ ಬರುವ ಇಂಟೆಲ್ ಪ್ರೊಸೆಸರ್ ಸೆಲೆರಾನ್ ಎನ್4020ಗೆ ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಬರವಣಿಗೆ, ಮೇಲ್‌ಗೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಸಿಸ್ಟಮ್ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇದರಲ್ಲಿ ಹಗುರವಾಗಿ ಓಡುತ್ತದೆ; ವಿಂಡೋಸ್‌ಗೆ 8 ಜಿಬಿಗಿಂತ ಕಡಿಮೆ ಬೇಡವೇ ಬೇಡ.

ಪರದೆಯನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಒಂದು ಕನ್ನಡ ಪುಟ ತೆರೆದು ‘ರಾಷ್ಟ್ರ’, ‘ಲಕ್ಷ್ಮಿ’ ಪದಗಳ ಒತ್ತಕ್ಷರ ಸ್ಪಷ್ಟವಾಗಿವೆಯೇ ನೋಡಿ. ಮುಚ್ಚಳವನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದಾಗ ಬಣ್ಣ ತಿರುಗಿದರೆ ಅದು ಟಿಎನ್ ಎಂಬ ಅಗ್ಗದ ಬಗೆಯ ಪ್ಯಾನೆಲ್, ಗಂಟೆಗಟ್ಟಲೆ ಓದಲು ಕಣ್ಣಿಗೆ ಕಷ್ಟ.

ಟೈಪ್-ಸಿ ಪೋರ್ಟ್ ಕಂಡ ಮಾತ್ರಕ್ಕೆ ಅದರಲ್ಲೇ ಚಾರ್ಜ್ ಆಗುತ್ತದೆಂದು ನಂಬಬೇಡಿ. ಕೆಲವದರಲ್ಲಿ ಅದು ಡೇಟಾಗೆ ಮಾತ್ರ. 45 ವ್ಯಾಟ್ ಪಿಡಿ (ಟೈಪ್-ಸಿ ಮೂಲಕ ಹೆಚ್ಚು ವಿದ್ಯುತ್ ಕೊಡುವ) ಚಾರ್ಜರ್ ಚುಚ್ಚಿ ನೋಡಿಯೇ ದುಡ್ಡು ಕೊಡಿ.